ಗರ್ಭದ ಗುಟ್ಟು ಮತ್ತು ವೈದ್ಯರ ಮಾತು: ಜೀವನೀತಿಶಾಸ್ತ್ರಕ್ಕೊಂದು ಪ್ರವೇಶ



2022ರ ಜೂನ್ ತಿಂಗಳ ಕೊನೆಯ ವಾರದಲ್ಲಿ ಮೂಡಲಗಿ ಪಟ್ಟಣದ ಹಳ್ಳದಲ್ಲಿ, ಡಬ್ಬಿಗಳಲ್ಲಿ ತುಂಬಿ ಎಸೆದಿದ್ದ ಏಳು ಭ್ರೂಣಗಳು ದೊರೆತವು. ಲಿಂಗಪತ್ತೆ ಮಾಡಿಸಿ ಹತ್ಯೆಗೈದಿರುವ ಶಂಕೆಯನ್ನು ಆರೋಗ್ಯ ಇಲಾಖೆಯ ಅಧಿಕಾರಿಗಳೇ ಅಂದು ವ್ಯಕ್ತಪಡಿಸಿದರು. ಅದಕ್ಕೆ ಐದು ವರ್ಷ ಮೊದಲು, 2017ರ ಮಾರ್ಚ್‌ನಲ್ಲಿ, ನಮ್ಮ ಗಡಿಗೆ ಹೊಂದಿಕೊಂಡ ಸಾಂಗಲಿ ಜಿಲ್ಲೆಯ ಮ್ಹೈಸಾಳದಲ್ಲಿ 19 ಭ್ರೂಣಗಳನ್ನು ಹೂತಿದ್ದುದು ಪತ್ತೆಯಾಗಿತ್ತು. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಪೊಲೀಸರು ಬಯಲಿಗೆಳೆದ ಜಾಲವೊಂದು ಮಂಡ್ಯ ಜಿಲ್ಲೆಯ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಲಿಂಗಪತ್ತೆ ನಡೆಸುತ್ತಿತ್ತು. ಕಬ್ಬು ಬೆಳೆಯುವ ನಮ್ಮ ನಾಡಿನವರಿಗೆ ಆಲೆಮನೆಯೆಂದರೆ ಬೆಲ್ಲದ ಪರಿಮಳ. ಅಲ್ಲಿ ಇಂಥ ಕೃತ್ಯ ನಡೆಯಿತೆಂಬುದನ್ನು ಓದಿದಾಗ ನಮ್ಮಲ್ಲಿ ಅನೇಕರಿಗೆ ಮಾತು ಹೊರಡಲಿಲ್ಲ.

ಗರ್ಭದ ಲಿಂಗವನ್ನು ತಿಳಿಯಲು ಯಂತ್ರ ಬೇಕು. ಯಂತ್ರದ ಪರದೆಯನ್ನು ಓದಲು ಪಳಗಿದ ಕಣ್ಣು ಬೇಕು. ಕಂಡದ್ದನ್ನು ಹೇಳಲು ಬಾಯಿ ಬೇಕು. ಆದ್ದರಿಂದ ಈ ಪಾಪದ ಹೊಣೆಯಲ್ಲಿ ಕುಟುಂಬಕ್ಕೆ ಎಷ್ಟು ಪಾಲಿದೆಯೋ, ವಿದ್ಯೆ ಕಲಿತವರಿಗೂ ಅಷ್ಟೇ ಪಾಲಿದೆ. ವೈದ್ಯವಿದ್ಯೆಯನ್ನು ಬಲ್ಲವರು ಏನು ಮಾಡಬೇಕು, ಏನು ಮಾಡಬಾರದು, ಏಕೆ ಮಾಡಬಾರದು ಎಂಬುದನ್ನು ವಿಚಾರಿಸುವ ಶಾಸ್ತ್ರಕ್ಕೆ ಬಯೋಎಥಿಕ್ಸ್ ಎಂದು ಹೆಸರು. ಕನ್ನಡದಲ್ಲಿ ಅದನ್ನು ಜೀವನೀತಿಶಾಸ್ತ್ರವೆನ್ನಬಹುದು. ಅದರ ಪ್ರಮುಖ ಸಿದ್ಧಾಂತಗಳನ್ನು ನಮ್ಮ ಸೀಮೆಯ ಈ ಒಂದೇ ಪ್ರಶ್ನೆಯ ಮೂಲಕ ಪರಿಚಯಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಸ್ತ್ರದ ಹುಟ್ಟು

ವೈದ್ಯನ ಶೀಲವನ್ನು ಕುರಿತ ಚಿಂತನೆ ಬಹು ಪ್ರಾಚೀನ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಗುರುವು ಶಿಷ್ಯನಿಗೆ ಬೋಧಿಸುವ ಪ್ರತಿಜ್ಞೆಯಿದೆ. ರೋಗಿಯ ಮನೆಯೊಳಗಿನ ಸಂಗತಿಗಳನ್ನು ಹೊರಗೆ ಆಡಬಾರದೆಂಬ ಕಟ್ಟಳೆ ಅದರಲ್ಲಿ ಸೇರಿದೆ. ಗ್ರೀಸ್ ದೇಶದ ಹಿಪೊಕ್ರಟೀಸನ ಹೆಸರಿನ ಪ್ರತಿಜ್ಞೆಯೂ ಇಂಥದೇ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಪ್ರತಿಜ್ಞೆಗಳಷ್ಟೇ ಸಾಲವೆಂಬುದು ಸಿದ್ಧವಾಯಿತು. ನಾಜಿ ವೈದ್ಯರು ಸೆರೆಯಾಳುಗಳ ಮೇಲೆ ನಡೆಸಿದ ಪ್ರಯೋಗಗಳ ವಿಚಾರಣೆಯಿಂದ 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಹುಟ್ಟಿತು. ವ್ಯಕ್ತಿಯ ಸ್ವಂತ ಒಪ್ಪಿಗೆಯಿಲ್ಲದೆ ಅವನ ದೇಹದ ಮೇಲೆ ಪ್ರಯೋಗ ಸಲ್ಲದೆಂದು ಅದು ಸಾರಿತು. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ರೋಗಪೀಡಿತರಾದ ಬಡ ಕಪ್ಪುಜನರನ್ನು ಚಿಕಿತ್ಸೆಯಿಲ್ಲದೆ ಕೇವಲ ವೀಕ್ಷಿಸುತ್ತ ಕುಳಿತದ್ದು ಬಯಲಾದಾಗ ಜಗತ್ತು ಮತ್ತೊಮ್ಮೆ ಬೆಚ್ಚಿತು. 1979ರಲ್ಲಿ ಟಾಮ್ ಬೋಶಾಂಪ್ ಮತ್ತು ಜೇಮ್ಸ್ ಚಿಲ್ಡ್ರೆಸ್ ಎಂಬ ವಿದ್ವಾಂಸರು ವೈದ್ಯನೀತಿಯ ನಾಲ್ಕು ಸೂತ್ರಗಳನ್ನು ನಿರೂಪಿಸಿದರು. ರೋಗಿಯ ಸ್ವಾಯತ್ತತೆಯನ್ನು ಗೌರವಿಸುವುದು, ಹಿತವನ್ನು ಸಾಧಿಸುವುದು, ಅಹಿತವನ್ನು ಮಾಡದಿರುವುದು, ನ್ಯಾಯವನ್ನು ಪಾಲಿಸುವುದು ಎಂಬ ಈ ನಾಲ್ಕನ್ನು ಇಂದು ವೈದ್ಯ ವಿದ್ಯಾರ್ಥಿಗಳೆಲ್ಲರೂ ಕಲಿಯುತ್ತಾರೆ.

ಒಂದು ಮನೆ, ಒಂದು ಪ್ರಶ್ನೆ

ಊರು ಯಾವುದಾದರೂ ಆಗಬಹುದು. ಎರಡು ಹೆಣ್ಣುಮಕ್ಕಳ ತಾಯಿ ಮೂರನೆಯ ಸಲ ಗರ್ಭಿಣಿ. ಅತ್ತೆಯೂ ಗಂಡನೂ ಅವಳನ್ನು ಸ್ಕ್ಯಾನಿಂಗ್‌ಗೆ ಕರೆತಂದಿದ್ದಾರೆ. ಅಲ್ಲಿಯ ದಾದಿ ಅವರ ದೂರದ ನೆಂಟಳೇ. “ಅವ್ವಾ, ಬಾಯಿಬಿಟ್ಟು ಏನೂ ಹೇಳಬ್ಯಾಡ, ಪೇಢೇನೋ ಬರ್ಫಿನೋ ಅಷ್ಟ ಹೇಳು” ಎಂದು ಅತ್ತೆ ಮೆಲ್ಲನೆ ಕೇಳುತ್ತಾಳೆ. ದಾದಿ ಏನು ಮಾಡಬೇಕು?

ಕಾನೂನಿನ ಉತ್ತರ ನಿಸ್ಸಂದಿಗ್ಧ. ಪ್ರಸವಪೂರ್ವ ಲಿಂಗಪತ್ತೆಯನ್ನು ನಿಷೇಧಿಸಿದ 1994ರ ಕೇಂದ್ರ ಕಾಯ್ದೆ 1996ರ ಜನವರಿ 1ರಂದು ಜಾರಿಗೆ ಬಂದಿತು, 2003ರಲ್ಲಿ ಬಿಗಿಗೊಂಡಿತು. ಭ್ರೂಣದ ಲಿಂಗವನ್ನು ಮಾತಿನಿಂದಾಗಲಿ, ಸನ್ನೆಯಿಂದಾಗಲಿ, ಬೇರಾವ ರೀತಿಯಿಂದಾಗಲಿ ತಿಳಿಸುವಂತಿಲ್ಲ. ಪೇಢೆ, ಬರ್ಫಿಗಳೂ ಆ ನಿಷೇಧದೊಳಗೇ ಬರುತ್ತವೆ. ಹೇಳಿದವರಿಗೂ ಕೇಳಿದವರಿಗೂ ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಆದರೆ ಕದ ಮುಚ್ಚಿದ ಕೋಣೆಯೊಳಗೆ ಕಾನೂನಿನ ಕಣ್ಣು ಹಾಯುವುದಿಲ್ಲ. ಅಲ್ಲಿ ಕಾಯುವುದು ದಾದಿಯ ವಿವೇಕ ಮಾತ್ರ. ಆ ವಿವೇಕಕ್ಕೆ ಆಧಾರ ಒದಗಿಸುವವು ನೀತಿಯ ಸಿದ್ಧಾಂತಗಳು.

ನಾಲ್ಕು ದಾರಿಗಳು

ಮೊದಲನೆಯದು ಪರಿಣಾಮವಾದ. ಇಂಗ್ಲೆಂಡಿನ ಜೆರೆಮಿ ಬೆಂಥಮ್ ಮತ್ತು ಜಾನ್ ಸ್ಟುವರ್ಟ್ ಮಿಲ್ ಇದರ ಪ್ರತಿಪಾದಕರು. ಹೆಚ್ಚು ಜನರ ಹೆಚ್ಚಿನ ಸುಖವನ್ನು ಸಾಧಿಸುವ ಕ್ರಿಯೆಯೇ ಒಳ್ಳೆಯದು ಎಂಬುದು ಇದರ ಸಾರ. “ವರದಕ್ಷಿಣೆಯ ಭಾರ ತಪ್ಪಿತು, ಮನೆಯವರೆಲ್ಲ ಸುಖಿಗಳು” ಎಂದು ಅತ್ತೆ ಲೆಕ್ಕ ಹಾಕಬಹುದು. ಆದರೆ ಪರಿಣಾಮವಾದ ಲೆಕ್ಕವನ್ನು ಮನೆಯ ಹೊಸ್ತಿಲಿಗೇ ನಿಲ್ಲಿಸಗೊಡುವುದಿಲ್ಲ. ಪ್ರಕೃತಿಯ ಪ್ರಮಾಣದಂತೆ ಸಾವಿರ ಗಂಡು ಶಿಶುಗಳಿಗೆ ಸುಮಾರು 950 ಹೆಣ್ಣು ಶಿಶುಗಳು ಜನಿಸುತ್ತವೆ. ಭಾರತದಲ್ಲಿ ಆರು ವರ್ಷದೊಳಗಿನ ಮಕ್ಕಳ ಅನುಪಾತ 1991ರಲ್ಲಿ 945 ಇದ್ದುದು 2001ರಲ್ಲಿ 927ಕ್ಕೆ ಇಳಿಯಿತು. 2011ರಲ್ಲಿ 920ಕ್ಕಿಂತಲೂ ಕೆಳಗಾಯಿತು. ಕರ್ನಾಟಕದಲ್ಲಿ 1991ರ 960, 2001ರಲ್ಲಿ 946 ಆಯಿತು. 2011ರಲ್ಲಿ 948ಕ್ಕೆ ಬಂದು ನಿಂತಿತು. 2023ರಲ್ಲಿ ಮಂಡ್ಯ ಭಾಗದ ಅವಿವಾಹಿತ ಯುವಕರು ಕನ್ಯೆ ದೊರೆಯಲೆಂದು ಮಲೆಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಕೈಗೊಂಡರು. ಒಕ್ಕಲುತನದ ಬಗೆಗಿನ ತಾತ್ಸಾರವೂ ಅದಕ್ಕೆ ಕಾರಣವೆಂಬುದು ನಿಜ. ಹುಟ್ಟಬೇಕಾದವರು ಹುಟ್ಟದಿದ್ದುದೂ ಒಂದು ಕಾರಣವಲ್ಲವೆಂದು ಹೇಳಲಾಗದು.

ಆದರೂ ಈ ದಾರಿಗೆ ಒಂದು ದೌರ್ಬಲ್ಯವಿದೆ. “ನನ್ನೊಬ್ಬಳ ಮನೆಯಿಂದ ದೇಶದ ಅನುಪಾತ ಕೆಡುವುದೇ?” ಎಂದು ಅತ್ತೆ ಕೇಳಿದರೆ ಪರಿಣಾಮವಾದ ತಡವರಿಸುತ್ತದೆ. ಇಲ್ಲಿ ನೆರವಿಗೆ ಬರುವುದು ಎರಡನೆಯದಾದ ಕರ್ತವ್ಯವಾದ. ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನ್ಯುಯಲ್ ಕಾಂಟ್ ಹೇಳುವಂತೆ, ಎಲ್ಲರಿಗೂ ನಿಯಮವಾಗಬಲ್ಲ ನಡೆಯೇ ನೀತಿಯುತವಾದ ನಡೆ. ಯಾವ ಮನುಷ್ಯನನ್ನೂ ಕೇವಲ ಸಾಧನವಾಗಿ ಬಳಸಲಾಗದು. ಎಲ್ಲ ಮನೆಗಳೂ ಹೀಗೆಯೇ ನಡೆದರೆ ಕೇಳುತ್ತಿರುವ ಅತ್ತೆಯೇ ಹುಟ್ಟುತ್ತಿರಲಿಲ್ಲ. ಉತ್ತರಿಸಬೇಕಾದ ದಾದಿಯೂ ಇರುತ್ತಿರಲಿಲ್ಲ.

ಮೂರನೆಯದು ಸದ್ಗುಣವಾದ. ಗ್ರೀಸಿನ ಅರಿಸ್ಟಾಟಲನ ಪ್ರಕಾರ ಮನುಷ್ಯನ ಶೀಲ ಅವನು ದಿನನಿತ್ಯ ಮಾಡುವ ಕ್ರಿಯೆಗಳಿಂದಲೇ ರೂಪುಗೊಳ್ಳುತ್ತದೆ. ಒಂದು ಸಲ ನೆಂಟಸ್ತಿಕೆಗಾಗಿ ಸನ್ನೆ ಮಾಡಿದವಳು ಎರಡನೆಯ ಸಲ ಹಣಕ್ಕಾಗಿ ಮಾಡುತ್ತಾಳೆ. ಮೂರನೆಯ ಸಲ ಅವಳಿಗೆ ಅದು ತಪ್ಪೆಂದೇ ತೋರುವುದಿಲ್ಲ. ನಮ್ಮ ಪರಂಪರೆ ಕಾಯಕವನ್ನು ಹೊಟ್ಟೆಪಾಡಿನಿಂದ ಬೇರ್ಪಡಿಸಿ ನೋಡಿದ್ದು ಈ ಕಾರಣಕ್ಕಾಗಿಯೇ. ಕಾಯಕದ ಶುದ್ಧಿ ಕೈಗಳ ಶುದ್ಧಿಯಿಂದ ಬರುತ್ತದೆ.

ನಾಲ್ಕನೆಯದು ಅಕ್ಕರೆಯ ನೀತಿ. ಅಮೆರಿಕದ ಕ್ಯಾರಲ್ ಗಿಲಿಗನ್ 1982ರಲ್ಲಿ ಪ್ರಕಟಿಸಿದ ಗ್ರಂಥದಿಂದ ಇದು ಪ್ರಚಾರಕ್ಕೆ ಬಂದಿತು. ನಿಯಮವನ್ನು ನೋಡುವ ಮೊದಲು ಎದುರಿಗಿರುವ ವ್ಯಕ್ತಿಯ ನೋವನ್ನು ನೋಡು ಎಂಬುದು ಇದರ ಬೋಧೆ. ಮೇಲಿನ ಮೂರು ದಾರಿಗಳಲ್ಲಿ ನಾವು ಅತ್ತೆಯ ಮಾತನ್ನೇ ಕೇಳಿದೆವು, ದಾದಿಯ ಕರ್ತವ್ಯವನ್ನೇ ಚರ್ಚಿಸಿದೆವು. ಮೇಜಿನ ಮೇಲೆ ಮಲಗಿರುವ ತಾಯಿಯನ್ನು ಯಾರೂ ಮಾತನಾಡಿಸಲಿಲ್ಲ.

ತಾಯಿಯೇ ಕೇಳಿದರೆ?

ಇಲ್ಲಿಯೇ ಈ ವಿಷಯದ ಕಠಿಣವಾದ ಗಂಟು ಇದೆ. ಸ್ವಾಯತ್ತತೆ ಮೊದಲ ಸೂತ್ರವಾದರೆ, ತಾಯಿಯೇ ತನ್ನ ಬಾಯಿಂದ ಲಿಂಗವನ್ನು ಕೇಳಿದಾಗ ತಿಳಿಸಬೇಡವೇ? 1971ರ ಗರ್ಭಪಾತ ಕಾಯ್ದೆ ಕೆಲವು ಕಾರಣಗಳಿಗಾಗಿ ಗರ್ಭಪಾತಕ್ಕೆ ಅವಕಾಶ ನೀಡಿದೆ. 2021ರ ತಿದ್ದುಪಡಿಯಂತೆ ಒಬ್ಬ ವೈದ್ಯರ ಅಭಿಪ್ರಾಯದ ಮೇರೆಗೆ 20 ವಾರಗಳವರೆಗೆ, ನಿರ್ದಿಷ್ಟ ವರ್ಗದ ಮಹಿಳೆಯರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇರೆಗೆ 24 ವಾರಗಳವರೆಗೆ ಅವಕಾಶವಿದೆ. ವಯಸ್ಕ ಮಹಿಳೆಗೆ ಅವಳ ಒಪ್ಪಿಗೆಯೊಂದೇ ಸಾಕು. ಗಂಡನ ಸಹಿ ಬೇಕಿಲ್ಲ. ಹೀಗಿರುವಾಗ ಲಿಂಗಪತ್ತೆ ಮಾತ್ರ ಏಕೆ ತಪ್ಪು?

ಉತ್ತರವಿಷ್ಟೆ. ಅತ್ಯಾಚಾರಕ್ಕೀಡಾದವಳಾಗಲಿ, ಪ್ರಾಣಾಪಾಯದಲ್ಲಿರುವವಳಾಗಲಿ ಗರ್ಭಪಾತವನ್ನು ಕೇಳಿದಾಗ ಅವಳು ತನ್ನ ದೇಹ ಮತ್ತು ಬದುಕಿನ ಕುರಿತು ತೀರ್ಮಾನಿಸುತ್ತಾಳೆ. ಲಿಂಗಪತ್ತೆಯ ತೀರ್ಮಾನದಲ್ಲಿ ಗರ್ಭ ಬೇಕಾಗಿಯೇ ಇರುತ್ತದೆ. ಹೆಣ್ಣು ಮಾತ್ರ ಬೇಡವಾಗಿರುತ್ತದೆ. ಅದು ಬದುಕಿರುವ ಹೆಣ್ಣುಮಕ್ಕಳೆಲ್ಲರ ಮೇಲೆ ಹೊರಡಿಸಿದ ತೀರ್ಪು. ಅದೂ ಅಲ್ಲದೆ, ಗಂಡು ಹಡೆಯದಿದ್ದರೆ ತವರಿಗೆ ಅಟ್ಟುವೆವೆಂಬ ಬೆದರಿಕೆಯ ನೆರಳಿನಲ್ಲಿ ಆಡಿದ ಮಾತು ಸ್ವಾಯತ್ತತೆಯ ಮಾತಾಗದು. ಶಾಸನಕರ್ತರೂ ಇದನ್ನು ಅರಿತಿದ್ದರು. ಗಂಡ ಮತ್ತು ಬಂಧುಗಳೇ ಆಕೆಯನ್ನು ಒತ್ತಾಯಿಸಿದರೆಂದು, ಬೇರೆ ರೀತಿ ಸಾಬೀತಾಗುವವರೆಗೆ, ನ್ಯಾಯಾಲಯ ಭಾವಿಸಬೇಕೆಂದು 1994ರ ಕಾಯ್ದೆ ಹೇಳುತ್ತದೆ.

ಈ ವ್ಯತ್ಯಾಸವನ್ನು ಅರಿಯದೆ ಇನ್ನೊಂದು ತಪ್ಪು ನಡೆಯುತ್ತದೆ. ಲಿಂಗಪತ್ತೆಯ ಕಾನೂನಿಗೆ ಹೆದರಿ, ಕಾನೂನುಬದ್ಧ ಗರ್ಭಪಾತಕ್ಕೆ ಅರ್ಹಳಾದವಳನ್ನೂ ಬಾಗಿಲಿನಿಂದಲೇ ಹಿಂದಿರುಗಿಸಿದರೆ ಆಕೆ ಅರೆವೈದ್ಯರ ಕೈಗೆ ಸಿಲುಕಿ ಪ್ರಾಣ ಕಳೆದುಕೊಳ್ಳಬಹುದು. ಅಹಿತವನ್ನು ಮಾಡಬಾರದೆಂಬ ಸೂತ್ರ ಅಲ್ಲಿಯೂ ಮುರಿಯುತ್ತದೆ.

ಆದ್ದರಿಂದ ನಮ್ಮ ದಾದಿ ಮಾಡಬೇಕಾದುದು ಮೂರು ಕೆಲಸ. ಅತ್ತೆಗೆ ವಿನಯದಿಂದ, ಸಂದಿಗ್ಧವಿಲ್ಲದೆ, “ಇಲ್ಲ” ಎನ್ನುವುದು. ತಾಯಿಯನ್ನು ಏಕಾಂತದಲ್ಲಿ ಮಾತನಾಡಿಸಿ ಅವಳಿಗೆ ಮನೆಯಲ್ಲಿ ಬೆದರಿಕೆಯಿದೆಯೇ ಎಂದು ವಿಚಾರಿಸುವುದು. ಆ ಗರ್ಭ ಮುಂದಿನ ತಪಾಸಣೆಗಳಿಗೆ ತಪ್ಪದೆ ಬರುವಂತೆ ಊರಿನ ಆಶಾ ಕಾರ್ಯಕರ್ತೆಯ ಮೂಲಕ ನೋಡಿಕೊಳ್ಳುವುದು. ತಾನು ಕೆಲಸ ಮಾಡುವಲ್ಲಿಯೇ ಗುಟ್ಟಿನ ವ್ಯವಹಾರ ಕಂಡರೆ ಸಕ್ಷಮ ಪ್ರಾಧಿಕಾರಕ್ಕೆ ತಿಳಿಸುವ ಧೈರ್ಯವೂ ಆಕೆಗೆ ಬೇಕು. ಆ ಧೈರ್ಯ ತೋರಿದವಳನ್ನು ಊರು ಒಂಟಿಯಾಗಿಸಬಾರದು.

ನಮ್ಮ ಪಾಲು

ಆರೋಗ್ಯಸೇವಕರಿಗೆ ನೀತಿ ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಮಠದ ಕಾರ್ಯಾಲಯದಲ್ಲಿ ಕುಳಿತ ನನಗೆ, ಪೂಜ್ಯರ ದರ್ಶನಕ್ಕೆ ಬಂದು ಗಂಡು ಸಂತಾನಕ್ಕಾಗಿ ಆಶೀರ್ವಾದ ಬೇಡುವ ದಂಪತಿಗಳು ಹೊಸಬರಲ್ಲ. ಹೆಣ್ಣು ಮಗುವಿಗಾಗಿ ಬೇಡಿದವರನ್ನು ಕಂಡದ್ದು ಅಪರೂಪ. ಸ್ಕ್ಯಾನಿಂಗ್ ಕೋಣೆಯ ಪ್ರಶ್ನೆ ಹುಟ್ಟುವುದು ಆ ಕೋಣೆಯಲ್ಲಲ್ಲ. ಮದುವೆಯ ಮಾತುಕತೆಯಲ್ಲಿ, ಆಸ್ತಿಯ ಹಂಚಿಕೆಯಲ್ಲಿ, ಗಂಡು ಹುಟ್ಟಿದಾಗ ಪೇಢೆ ಹಂಚಿ ಹೆಣ್ಣು ಹುಟ್ಟಿದಾಗ ಸುಮ್ಮನಾಗುವ ನಮ್ಮ ಓಣಿಗಳಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಸಮಪಾಲನ್ನು ಕರ್ನಾಟಕ 1994ರಲ್ಲಿ, ದೇಶ 2005ರಲ್ಲಿ ಕಾನೂನಾಗಿಸಿದವು. ಹಕ್ಕುಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರ ಸಹಿ ಪಡೆಯುವ ರೂಢಿ ಇನ್ನೂ ನಿಂತಿಲ್ಲ.

ನಮ್ಮ ಸಂಪ್ರದಾಯದ ಒಂದು ಸಂಸ್ಕಾರವನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಗರ್ಭಿಣಿಗೆ ಎಂಟು ತಿಂಗಳು ತುಂಬುವಾಗ ಗರ್ಭಸ್ಥ ಶಿಶುವಿಗೆ ಲಿಂಗಧಾರಣೆ ಮಾಡುವ ಪದ್ಧತಿಯಿದೆ. ಆ ಇಷ್ಟಲಿಂಗವನ್ನು ಮಗುವಿನ ಪರವಾಗಿ ತಾಯಿ ಧರಿಸುತ್ತಾಳೆ. ಒಳಗಿರುವುದು ಗಂಡೋ ಹೆಣ್ಣೋ ಎಂದು ಗುರು ಕೇಳುವುದಿಲ್ಲ. ಕೇಳದೆಯೇ ದೀಕ್ಷೆಗೆ ಅರ್ಹವೆಂದು ಆ ಜೀವವನ್ನು ಒಪ್ಪಿಕೊಳ್ಳುತ್ತಾನೆ.

ಈ ಸಂಸ್ಕಾರವನ್ನು ಮಾಡಿಸುವ ಮನೆಗಳು ಸ್ಕ್ಯಾನಿಂಗ್ ಕೋಣೆಯಲ್ಲಿಯೂ ಅದನ್ನು ಕೇಳದಿರಲಿ. ಮಠಕ್ಕೆ ಬರುವ ದಂಪತಿಗಳು ಇನ್ನು ಮುಂದೆ ಆರೋಗ್ಯವಂತ ಮಗುವಿಗಾಗಿ ಆಶೀರ್ವಾದ ಬೇಡಲೆಂದು ವಿನಂತಿಸುತ್ತ, ಈ ಲೇಖನವನ್ನು ತಮ್ಮ ಊರಿನ ದಾದಿಯರಿಗೂ ಆಶಾ ಕಾರ್ಯಕರ್ತೆಯರಿಗೂ ಓದಿ ಹೇಳಬೇಕೆಂದು ಸದ್ಭಕ್ತರಲ್ಲಿ ಕೋರುತ್ತೇನೆ.



— ಕಾರ್ಯದರ್ಶಿ, ಶ್ರೀಮಠ