ಹೇಳಬೇಕೆ, ಬಚ್ಚಿಡಬೇಕೆ?

ಹಲ್ಲು ಕೀಳಿಸಿಕೊಳ್ಳಲು ಹೋದ ಇಬ್ಬರನ್ನು ಗಮನಿಸಿ. ಒಬ್ಬನು ವೈದ್ಯರ ಕೈಯಲ್ಲಿರುವ ಇಕ್ಕಳವನ್ನೇ ದಿಟ್ಟಿಸುತ್ತ, “ಈಗೇನು ಮಾಡುವಿರಿ? ಎಷ್ಟು ಹೊತ್ತಾದೀತು?” ಎಂದು ಕೇಳುತ್ತಲೇ ಇರುತ್ತಾನೆ. ಇನ್ನೊಬ್ಬನು ಕಣ್ಣು ಮುಚ್ಚಿ ಮಗಳ ಮದುವೆಯನ್ನೋ ಮನೆಯ ಲೆಕ್ಕವನ್ನೋ ನೆನೆಯುತ್ತ ತೆಪ್ಪಗೆ ಬಾಯಿ ತೆರೆಯುತ್ತಾನೆ. ಮೊದಲನೆಯವನು ಪುಕ್ಕಲ, ಎರಡನೆಯವನು ಧೀರ ಎಂದು ನಾವು ಎಣಿಸುವುದುಂಟು. ವಾಸ್ತವವಾಗಿ ಇಬ್ಬರೂ ಹೆದರಿದವರೇ. ಹೆದರಿಕೆಯನ್ನು ನಿಭಾಯಿಸುವ ರೀತಿ ಬೇರೆ, ಅಷ್ಟೆ.

ಅಮೆರಿಕೆಯ ಮನೋವಿಜ್ಞಾನಿ ಸುಝಾನ್ ಮಿಲ್ಲರ್ ಈ ಎರಡು ಸ್ವಭಾವಗಳನ್ನು ಅಳೆಯಲು ಒಂದು ಪ್ರಶ್ನಾವಳಿಯನ್ನೇ ರಚಿಸಿದರು. 1987ರಲ್ಲಿ ಪ್ರಕಟವಾದ ಅದರಲ್ಲಿ ದಂತವೈದ್ಯರ ಕುರ್ಚಿಯೂ ಉಂಟು, ಥಟ್ಟನೆ ಕೆಳಕ್ಕೆರಗುವ ವಿಮಾನವೂ ಉಂಟು, ನೌಕರಿ ಹೋದೀತೆಂಬ ಗಾಳಿಸುದ್ದಿಯೂ ಉಂಟು. ಅಂಥಲ್ಲಿ ನೀವು ಅಪಾಯದ ಸುಳಿವನ್ನು ಅರಸುವಿರೋ, ಮನಸ್ಸನ್ನು ಬೇರೆಡೆಗೆ ತಿರುಗಿಸುವಿರೋ ಎಂಬುದೇ ಪ್ರಶ್ನೆ.

ಇದಕ್ಕೂ ಮುನ್ನ, 1983ರಲ್ಲಿ, ಮಿಲ್ಲರ್ ಮತ್ತು ಚಾರ್ಲ್ಸ್ ಮ್ಯಾಂಗನ್ ಒಂದು ಅಧ್ಯಯನವನ್ನು ಪ್ರಕಟಿಸಿದ್ದರು. ಗರ್ಭಕಂಠದ ಕ್ಯಾನ್ಸರಿನ ಶಂಕೆಯಿಂದ ಪರೀಕ್ಷೆಗೆ ಬಂದ ಸ್ತ್ರೀಯರಲ್ಲಿ ಕೆಲವರಿಗೆ ಮುಂದೆ ನಡೆಯುವುದನ್ನೆಲ್ಲ ಸವಿಸ್ತಾರವಾಗಿ ತಿಳಿಸಲಾಯಿತು. ಉಳಿದವರಿಗೆ ತೀರ ಅಲ್ಪವಾಗಿ. ಸುಳಿವನ್ನು ಅರಸುವ ಸ್ವಭಾವದವಳಿಗೆ ಎಲ್ಲವನ್ನೂ ಹೇಳಿದಾಗ, ಮನಸ್ಸು ತಿರುಗಿಸುವವಳಿಗೆ ಸ್ವಲ್ಪವೇ ಹೇಳಿದಾಗ, ಅವರ ನಾಡಿ ಶಾಂತವಾಗಿತ್ತು. ತಿಳಿವಳಿಕೆಯೂ ಸ್ವಭಾವವೂ ಹೊಂದದಿದ್ದಾಗ ನಾಡಿಯ ಬಡಿತ ಏರಿತ್ತು.

ನಮ್ಮ ಮನೆಗಳಲ್ಲಿ ರೋಗಿಯಿಂದ ವಿಷಯವನ್ನು ಬಚ್ಚಿಡುವುದು ವಾಡಿಕೆ. ವೈದ್ಯರು ಮಗನನ್ನು ಹೊರಗೆ ಕರೆದು ಮಾತನಾಡುತ್ತಾರೆ. ಅವನು ಒಳಬಂದು, “ಏನೂ ಇಲ್ಲಮ್ಮ, ಸುಮ್ಮನೆ ಮಲಗು” ಎನ್ನುತ್ತಾನೆ. ತಾಯಿ ಎರಡನೆಯ ಸ್ವಭಾವದವಳಾದರೆ ಅದು ಕರುಣೆಯೇ ಸರಿ. ಮೊದಲನೆಯವಳಾದರೋ? ಬಾಗಿಲಾಚೆಯ ಪ್ರತಿಯೊಂದು ಪಿಸುಮಾತಿಗೂ ಅವಳು ಕಿವಿಗೊಡುತ್ತ, ಮಗನ ಮುಖಭಾವವನ್ನು ಓದುತ್ತ, ಇರುವುದಕ್ಕಿಂತ ಭೀಕರವಾದುದನ್ನು ಕಲ್ಪಿಸಿಕೊಂಡು ರಾತ್ರಿ ಕಳೆಯುತ್ತಾಳೆ. ಅವಳಿಗೆ ಏನು ಬೇಕೆಂದು ಅವಳನ್ನೇ ಕೇಳುವುದು ನಮಗೇಕೆ ಹೊಳೆಯುವುದಿಲ್ಲವೋ!

ಮರೆಯುವ ಸ್ವಭಾವ ಎಲ್ಲೆಡೆಯೂ ಹಿತವಲ್ಲ. ಕುರ್ಚಿಯಲ್ಲಿ ಕುಳಿತ ಮೇಲೆ ಮಾಡುವುದೇನೂ ಉಳಿದಿರದು. ಅಲ್ಲಿ ಮರೆವು ಒಳ್ಳೆಯದೇ. ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಾಗಲೂ ಬೇರೇನನ್ನೋ ನೆನೆಯುತ್ತ ತಿಂಗಳುಗಳನ್ನು ದೂಡುವವಳಿಗೆ ಅದೇ ಶತ್ರು.

ಕೆದಕಿ ಕೇಳುವವರ ಒಂದು ವಿಚಿತ್ರ ಉಳಿದಿದೆ. ಇಷ್ಟೆಲ್ಲ ತಿಳಿಯಬಯಸುವವರು ಚಿಕಿತ್ಸೆಯ ನಿರ್ಧಾರವನ್ನೂ ತಾವೇ ಕೈಗೊಳ್ಳಬಯಸುವರೆಂದು ಯಾರಾದರೂ ಊಹಿಸಿಯಾರು. ಮಿಲ್ಲರ್ ಮತ್ತು ಸಂಗಡಿಗರು 1988ರಲ್ಲಿ ಕಂಡದ್ದು ಬೇರೆ. ಇವರು ಹೆಚ್ಚು ವಿವರವನ್ನು ಬಯಸಿದರು. ಆದರೆ ತಮ್ಮ ಚಿಕಿತ್ಸೆಯ ಹೊಣೆಯನ್ನು ಮಾತ್ರ ಇತರರಿಗಿಂತ ಹೆಚ್ಚಾಗಿ ವೈದ್ಯರಿಗೇ ಬಿಟ್ಟುಕೊಡಲು ಇಚ್ಛಿಸಿದರು.