ಫಿಟ್ಸ್ ಮಾತ್ರೆಯಿಂದ ಶ್ವಾಸಕೋಶ ಹಾಳಾಗುತ್ತದೆಯೇ? ಫಾರ್ವರ್ಡ್ ಮಾಡುವ ಮೊದಲು ಓದಿ

‘ಫಿಟ್ಸ್ ಮಾತ್ರೆ ತಿಂದರೆ ಶ್ವಾಸಕೋಶ ಹೋಗುತ್ತದೆ, ಇವತ್ತೇ ನಿಲ್ಲಿಸಿ’ ಎಂಬ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ಒಂದೆಳೆ ನಿಜವಿದೆ. ಆದರೆ ಕೊನೆಯ ಮಾತನ್ನು ನಂಬಿ ಮಾತ್ರೆ ಬಿಟ್ಟರೆ ಜೀವಕ್ಕೇ ಅಪಾಯ. ನಿಜ ಎಷ್ಟು, ಸುಳ್ಳು ಎಷ್ಟು ಎಂದು ಬಿಡಿಸಿ ನೋಡೋಣ.

ನಿಜ 1: ಡೋಸ್ ಮಿತಿಮೀರಿದರೆ ಅಪಾಯ

ಫಿಟ್ಸ್ ಮಾತ್ರೆಗಳು ಮೆದುಳಿನ ಅತಿಯಾದ ಚಟುವಟಿಕೆಯನ್ನು ತಗ್ಗಿಸುತ್ತವೆ. ಪ್ರಮಾಣ ಮಿತಿಮೀರಿದರೆ ಮಂಪರು ಕವಿಯುತ್ತದೆ. ನೀರು ನೆತ್ತಿಗೇರಿದಾಗ ನಾವು ಕೆಮ್ಮಿ ಹೊರಹಾಕುತ್ತೇವಲ್ಲ, ಮಂಪರಿನಲ್ಲಿರುವವರಿಗೆ ಅದು ಆಗುವುದಿಲ್ಲ. ಎಂಜಲು, ವಾಂತಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ತೀವ್ರವಾದರೆ ಶ್ವಾಸಕೋಶದಲ್ಲಿ ನೀರು ತುಂಬಿ ವೆಂಟಿಲೇಟರ್ ಬೇಕಾಗುತ್ತದೆ. ಫಿನೋಬಾರ್ಬಿಟೋನ್ ಅತಿಯಾದರೆ ಉಸಿರಾಟವೇ ನಿಧಾನವಾಗುತ್ತದೆ.

ಫೆನಿಟಾಯಿನ್ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇದನ್ನು ಕರಗಿಸುವ ಯಕೃತ್ತಿನ ಶಕ್ತಿಗೆ ಮಿತಿಯಿದೆ. ಆ ಮಿತಿ ಮುಟ್ಟಿದ ಮೇಲೆ ಡೋಸ್ ಸ್ವಲ್ಪ ಹೆಚ್ಚಿದರೂ ರಕ್ತದಲ್ಲಿ ಔಷಧದ ಮಟ್ಟ ಒಮ್ಮೆಲೇ ಏರುತ್ತದೆ. ಟಿಬಿಗೆ ಕೊಡುವ ಐಸೋನಿಯಾಜಿಡ್ ಕೂಡ ಈ ಮಟ್ಟವನ್ನು ಏರಿಸಬಲ್ಲದು. ತೂರಾಡುವ ನಡಿಗೆ, ತೊದಲು ಮಾತು, ಕಣ್ಣುಗುಡ್ಡೆ ಅತ್ತಿತ್ತ ಓಲಾಡುವುದು ಇದರ ಮೊದಲ ಲಕ್ಷಣಗಳು. ‘ಕುಡಿದಿದ್ದಾನೆ’ ಎಂದು ಬೈದು ಸುಮ್ಮನಾಗಬೇಡಿ.

ನಿಜ 2: ಕೆಲವರಿಗೆ ಔಷಧವೇ ಒಗ್ಗುವುದಿಲ್ಲ

ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್, ಲ್ಯಾಮೋಟ್ರಿಜಿನ್ ಶುರು ಮಾಡಿದ 2ರಿಂದ 8 ವಾರಗಳಲ್ಲಿ ಅಪರೂಪಕ್ಕೆ ಕೆಲವರಿಗೆ ತೀವ್ರ ಅಲರ್ಜಿ ಆಗುತ್ತದೆ. ವೈದ್ಯರು ಇದನ್ನು ‘ಡ್ರೆಸ್’ ಎನ್ನುತ್ತಾರೆ. ಜ್ವರ, ಮೈಮೇಲೆ ಕೆಂಪು ದದ್ದು, ಮುಖದ ಊತ, ಕುತ್ತಿಗೆಯಲ್ಲಿ ಗಡ್ಡೆ ಕಾಣಿಸುತ್ತವೆ. ಹೆಚ್ಚಾಗಿ ಪೆಟ್ಟು ಬೀಳುವುದು ಯಕೃತ್ತಿಗೆ. ಕೆಲವರಲ್ಲಿ ಶ್ವಾಸಕೋಶಕ್ಕೂ ಉರಿಯೂತ ಹಬ್ಬಿ ಒಣಕೆಮ್ಮು, ಏದುಸಿರು ಬರುತ್ತದೆ. ಇದು ವೈರಲ್ ಜ್ವರದಂತೆಯೇ ಕಾಣುವುದರಿಂದ, ‘ಹೊಸದಾಗಿ ಫಿಟ್ಸ್ ಮಾತ್ರೆ ಶುರುವಾಗಿದೆ’ ಎಂದು ವೈದ್ಯರಿಗೆ ನೀವೇ ಹೇಳಬೇಕು. ಅದೇ ದಿನ ತೋರಿಸಿ, ಮುಂದಿನ ಡೋಸ್ ನುಂಗುವ ಮೊದಲೇ ಕೇಳಿ. ಅವರು ಆ ಔಷಧ ನಿಲ್ಲಿಸಿ ಬೇರೆ ಗುಂಪಿನದನ್ನು ಕೊಡುತ್ತಾರೆ.

ಸುಳ್ಳು: ‘ಆದ್ದರಿಂದ ಮಾತ್ರೆ ಬಿಡಿ’

ದಿಢೀರನೆ ಮಾತ್ರೆ ಬಿಟ್ಟರೆ ಫಿಟ್ಸ್ ನಿಲ್ಲದೆ ಒಂದರ ಹಿಂದೊಂದು ಬರಬಹುದು. ಅದು ಪ್ರಾಣಾಪಾಯ. ಆಗಲೂ ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಯಾವ ಭಯಕ್ಕೆ ಮಾತ್ರೆ ಬಿಟ್ಟರೋ ಅದೇ ಎದುರಾಗುತ್ತದೆ.

ಈ ಔಷಧಗಳು ಹೊಸವಲ್ಲ. ಫಿನೋಬಾರ್ಬಿಟೋನ್ 1912ರಿಂದ, ಫೆನಿಟಾಯಿನ್ 1938ರಿಂದ ಬಳಕೆಯಲ್ಲಿವೆ. ಎರಡೂ ನಮ್ಮ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕಿನ ಹಳ್ಳಿಗಳಲ್ಲಿ ಡಾ. ಕೆ.ಎಸ್. ಮಣಿ ಅವರ ತಂಡ ಇದೇ ಎರಡು ಅಗ್ಗದ ಔಷಧಗಳಿಂದ ಚಿಕಿತ್ಸೆ ನೀಡಿತು. ಹಳ್ಳಿಯಲ್ಲೂ ಫಿಟ್ಸ್ ಹತೋಟಿಗೆ ತರಬಹುದು ಎಂಬ ಆ ಅಧ್ಯಯನ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯವರು ಗಮನಿಸಿ

ಬೆಂಗಳೂರಿನ ನಿಮ್ಹಾನ್ಸ್ ಚಿತ್ರದುರ್ಗದಿಂದ ಸುಮಾರು 200 ಕಿ.ಮೀ. ದೂರ. ಒಮ್ಮೆ ತೋರಿಸಿಕೊಂಡು ಬಂದವರು ಹಳೆಯ ಚೀಟಿ ಹಿಡಿದು ಊರಿನ ಮೆಡಿಕಲ್ ಶಾಪ್‌ನಲ್ಲೇ ತಿಂಗಳುಗಟ್ಟಲೆ ಮಾತ್ರೆ ಕೊಳ್ಳುವುದುಂಟು. ಹಾಗೆ ಕೊಳ್ಳುವಾಗ ಕಂಪನಿ, ಮಿಲಿಗ್ರಾಂ ಬದಲಾಗಿದೆಯೇ ಎಂದು ಪ್ರತಿ ಸಲ ನೋಡಿ. ಬದಲಾಗಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ವೈದ್ಯರನ್ನು ಕೇಳಿ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿ. ಮಾತ್ರೆ ಮಕ್ಕಳ ಕೈಗೆ ಸಿಗದಂತೆ ಇಡಿ.

ಹೀಗೆ ಮಾಡಬೇಡಿ

ಯಾರಾದರೂ ಹೆಚ್ಚು ಮಾತ್ರೆ ನುಂಗಿದ್ದರೆ ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸಬೇಡಿ. ಮಂಪರಿನಲ್ಲಿದ್ದವರಿಗೆ ಅದೇ ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ಖಾಲಿ ಸ್ಟ್ರಿಪ್ ಜೊತೆಗೆ ಒಯ್ಯಿರಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117.

ಫಿಟ್ಸ್ ಬಂದಾಗಲೂ ಅಷ್ಟೇ. ಕೈಗೆ ಕಬ್ಬಿಣದ ಬೀಗದಕೈ ಕೊಡುವುದರಿಂದ ಫಿಟ್ಸ್ ನಿಲ್ಲುವುದಿಲ್ಲ. ಬಾಯಿಗೆ ನೀರು ಹಾಕುವುದು ಅಪಾಯ. ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. 5 ನಿಮಿಷ ಮೀರಿದರೆ ಆಸ್ಪತ್ರೆಗೆ ಹೊರಡಿ.

ನಮ್ಮ ತೀರ್ಮಾನ

ಸಂದೇಶ ಅರ್ಧಸತ್ಯ. ಡೋಸ್ ಅತಿಯಾದಾಗ ಮತ್ತು ಅಪರೂಪದ ಅಲರ್ಜಿಯಲ್ಲಿ ಶ್ವಾಸಕೋಶಕ್ಕೆ ತೊಂದರೆ ಆಗಬಹುದು. ವೈದ್ಯರು ಹೇಳಿದಂತೆ ತೆಗೆದುಕೊಳ್ಳುವ ಹೆಚ್ಚಿನವರಿಗೆ ಹಾಗಾಗುವುದಿಲ್ಲ. ‘ಮಾತ್ರೆ ನಿಲ್ಲಿಸಿ’ ಎಂಬ ಸಲಹೆ ಸಂಪೂರ್ಣ ತಪ್ಪು. ಅಡ್ಡಪರಿಣಾಮ ಕಂಡರೆ ವೈದ್ಯರಿಗೆ ಹೇಳಿ, 1800 180 3024ಕ್ಕೂ ದೂರು ದಾಖಲಿಸಬಹುದು. ಆ ಸಂದೇಶ ಬಂದ ಗ್ರೂಪಿಗೆ ಇದನ್ನೂ ಕಳಿಸಿ. ಅದನ್ನು ಓದಿ ಇವತ್ತು ರಾತ್ರಿಯ ಮಾತ್ರೆ ಪಕ್ಕಕ್ಕಿಟ್ಟವರು ಅಲ್ಲೇ ಯಾರೋ ಇರಬಹುದು.