ಸ್ವರವೋ, ಸಾಹಿತ್ಯವೋ?

ಸಂಗೀತದ ಸವಿ ಇರುವುದು ಸ್ವರದಲ್ಲೋ ಸಾಹಿತ್ಯದಲ್ಲೋ? ಆಂಧ್ರದ ಆಲೂರು ಸೀಮೆಯನ್ನು ನೆನೆದರೆ ನಮಗೆ ಈ ಪ್ರಶ್ನೆ ಬರಿಯ ಕಾಲಹರಣವೆನಿಸದು. ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆಲೂರು 1953ರಲ್ಲಿ ಆಂಧ್ರದ ಪಾಲಾಯಿತು. ಆ ಸೀಮೆಯ ಚಿಪ್ಪಗಿರಿಯಲ್ಲೇ ವಿಜಯದಾಸರು 1755ರಲ್ಲಿ ಹರಿಪಾದ ಸೇರಿದ್ದು. ಅವರ ಸುಳಾದಿಗಳಲ್ಲಿ ನುಡಿಯಿಂದ ನುಡಿಗೆ ತಾಳ ಬದಲಾಗುತ್ತದೆ. ಹೆಚ್ಚಿನವುಗಳ ಮೂಲ ಧಾಟಿ ಉಳಿದಿಲ್ಲ, ಮಾತು ಉಳಿದಿದೆ.

ಸಾಹಿತ್ಯವೇ ಗೆದ್ದಿತೆನ್ನೋಣವೇ? ದಾಸರ ಪದಗಳು ತೆಲುಗು ಲಿಪಿಯಲ್ಲೂ ಅಚ್ಚಾಗಿವೆ. ಕನ್ನಡ ಓದಲಾರದವರೂ ಭಕ್ತಿಯಿಂದಲೇ ಹಾಡುತ್ತಾರೆ. ನಾವು ತ್ಯಾಗರಾಜರ ಕೃತಿಗಳಿಗೆ ತಲೆದೂಗುವುದೂ ಹೀಗೆಯೇ ತಾನೆ? ಅಲ್ಲಿ ಅರ್ಥ ತಿಳಿಯದಿದ್ದರೆ ನಷ್ಟ ನಮ್ಮದಷ್ಟೇ. ತೆಲುಗು ಬಲ್ಲವರು ಕೋಟಿಗಟ್ಟಲೆ ಇದ್ದಾರೆ. ಆದರೆ ಕಾಸರಗೋಡಿನ ನಮ್ಮ ಮನೆಯ ಮಗುವೇ ಭಜನೆಯ ಕನ್ನಡ ಪದವನ್ನು ಮಲಯಾಳ ಅಕ್ಷರದಲ್ಲಿ ಬರೆದಿಟ್ಟುಕೊಂಡು ಶ್ರುತಿಶುದ್ಧವಾಗಿ ಹಾಡಿದಾಗ, ಚಪ್ಪಾಳೆ ತಟ್ಟಿದ ನಾವು, "ಇದರ ಅರ್ಥವೇನು ಮಗೂ?" ಎಂದು ಕೇಳಲು ಅಂಜುತ್ತೇವೆ.